ಬೊಜ್ಜು, ಬಿಸಿಲು ಮತ್ತು ವಿಟಮಿನ್ ಡಿ

ಕಾಪುವಿನ ಕಡಲತೀರದಲ್ಲಿ ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಂದು ಬರ್ಲಿನ್ ನಗರದಲ್ಲಿ ಈ ಎತ್ತರ ಸುಮಾರು 14 ಡಿಗ್ರಿ ಮಾತ್ರ. ಓರೆಯಾಗಿ ಬರುವ ಬೆಳಕು ಓಜೋನ್ ಪದರದಲ್ಲಿ ಹೆಚ್ಚು ದೂರ ಸಾಗಬೇಕು. ಹಾಗಾಗಿ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ, 290ರಿಂದ 315 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ಕಿರಣಗಳು ಬಹುಪಾಲು ದಾರಿಯಲ್ಲೇ ಹೀರಲ್ಪಡುತ್ತವೆ.

1919ರಲ್ಲಿ ಅದೇ ಬರ್ಲಿನ್ ನಗರದ ವೈದ್ಯ ಹುಲ್ಡ್‌ಶಿನ್‌ಸ್ಕಿ, ರಿಕೆಟ್ಸ್ ಪೀಡಿತ ಮಕ್ಕಳನ್ನು ಅತಿನೇರಳೆ ದೀಪದ ಬೆಳಕಿನಿಂದ ಗುಣಪಡಿಸಿದರು. 1922ರಲ್ಲಿ ಅಮೆರಿಕದ ಮೆಕಾಲಮ್, ಕಾಡ್ ಮೀನೆಣ್ಣೆಯ ವಿಟಮಿನ್ ಎ ನಾಶವಾದ ಮೇಲೂ ಆ ಎಣ್ಣೆ ರಿಕೆಟ್ಸನ್ನು ವಾಸಿಮಾಡುವುದೆಂದು ತೋರಿಸಿದರು. ಆ ಉಳಿದ ಅಂಶವೇ ವಿಟಮಿನ್ ಡಿ. ಮೂತ್ರಪಿಂಡವು ಅದನ್ನು ಕ್ರಿಯಾಶೀಲ ರೂಪಕ್ಕೆ ಪರಿವರ್ತಿಸುತ್ತದೆಂದು 1970-71ರಲ್ಲಿ ತಿಳಿದಾಗ, ಈ 'ವಿಟಮಿನ್' ಹಾರ್ಮೋನುಗಳ ಸಾಲಿಗೆ ಸೇರಿತು.

ಇಲ್ಲಿ ಬೊಜ್ಜಿನ ಪಾತ್ರವೇನು? ವಿಟಮಿನ್ ಡಿ ಕಡಿಮೆಯಾದರೆ ಕರುಳು ಕ್ಯಾಲ್ಸಿಯಮನ್ನು ಸಾಕಷ್ಟು ಹೀರುವುದಿಲ್ಲ. ಆಗ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯಲು ಪ್ಯಾರಾಥೈರಾಯಿಡ್ ಗ್ರಂಥಿಗಳು ಹೆಚ್ಚು ಹಾರ್ಮೋನು ಸ್ರವಿಸುತ್ತವೆ. ಸ್ಥೂಲಕಾಯರ ರಕ್ತದಲ್ಲಿ ಈ ಹಾರ್ಮೋನು ಹೆಚ್ಚಿರುವುದನ್ನು 1985ರಲ್ಲಿ ಅಮೆರಿಕದ ನಾರ್ಮನ್ ಬೆಲ್ ತಂಡ ಗುರುತಿಸಿತು. 2000ದಲ್ಲಿ ವರ್ಟ್ಸ್‌ಮನ್, ಹೋಲಿಕ್ ಮತ್ತಿತರರು ಸ್ಥೂಲಕಾಯರಿಗೂ ಇತರರಿಗೂ ಸಮಪ್ರಮಾಣದ ಅತಿನೇರಳೆ ಬೆಳಕು ನೀಡಿದರು. ಚರ್ಮದಲ್ಲಿ ಕಚ್ಚಾವಸ್ತು ಇಬ್ಬರಲ್ಲೂ ಒಂದೇ ತೆರನಾಗಿತ್ತು. ಆದರೂ ಸ್ಥೂಲಕಾಯರ ರಕ್ತದಲ್ಲಿ ವಿಟಮಿನ್ ಡಿ ಏರಿಕೆ ಶೇಕಡ 57ರಷ್ಟು ಕಡಿಮೆ. ಕೊಬ್ಬಿನಲ್ಲಿ ಕರಗುವ ಈ ವಿಟಮಿನ್ ಕೊಬ್ಬಿನಲ್ಲೇ ಉಳಿಯುತ್ತದೆಂಬುದು ಅವರ ವಿವರಣೆ.

ಹಾಗಾದರೆ ವಿಟಮಿನ್ ಮಾತ್ರೆ ನುಂಗಿದರೆ ಬೊಜ್ಜು ಕರಗುವುದೇ? 2013ರಲ್ಲಿ ವಿಮಲೇಶ್ವರನ್ ಮತ್ತು ಸಂಗಡಿಗರು ಸುಮಾರು 42,000 ಜನರ ಜೀನುಗಳ ಮಾಹಿತಿ ಪರಿಶೀಲಿಸಿದರು. ದೇಹತೂಕ ಸೂಚ್ಯಂಕ ಶೇಕಡ 10 ಏರಿದರೆ ವಿಟಮಿನ್ ಡಿ ಸುಮಾರು ಶೇಕಡ 4 ಇಳಿಯುತ್ತದೆ. ತದ್ವಿರುದ್ಧವಾಗಿ, ವಿಟಮಿನ್ ಕೊರತೆಯಿಂದ ತೂಕ ಏರುವುದಕ್ಕೆ ಪುರಾವೆ ಸಿಗಲಿಲ್ಲ. ಅಂದರೆ ಮಾತ್ರೆಯಿಂದ ಕೊರತೆ ನೀಗಬಹುದು, ಏರಿದ ಪ್ಯಾರಾಥೈರಾಯಿಡ್ ಹಾರ್ಮೋನು ಇಳಿಯಬಹುದು. ಅದರಿಂದಲೇ ಬೊಜ್ಜು ಕರಗೀತೆಂದು ನಂಬುವಂತಿಲ್ಲ. ಅತಿಯಾಗಿ ಸೇವಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು.

ಉಡುಪಿ, ಮಣಿಪಾಲ, ಕಾರ್ಕಳಗಳಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೆ ಬರವಿಲ್ಲ. ಬೂತಾಯಿ, ಬಂಗುಡೆಗಳಲ್ಲೂ ವಿಟಮಿನ್ ಡಿ ಇದೆ. ಆದರೆ ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಗಾಜಿನ ಹಿಂದೆ ಕುಳಿತವರಿಗೆ ಬೆಳಕು ಸಿಗುತ್ತದೆ, ವಿಟಮಿನ್ ಸಿಗದು. ತರಗತಿಯಲ್ಲಿ ಈ ಪಾಠ ಬಂದಾಗ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆ ಇಡಿ: ಎರಡು ಸಂಗತಿಗಳು ಜೊತೆಯಾಗಿ ಕಂಡಾಗ ಕಾರಣ ಯಾವುದು, ಪರಿಣಾಮ ಯಾವುದು? ಔಷಧಿ ಅಂಗಡಿಗೆ ಹೋಗುವ ಮುನ್ನ ಕೇಳಬೇಕಾದ ಪ್ರಶ್ನೆಯೂ ಇದೇ.