ಜೋಡಿನಳಿಗೆ ಕೋವಿ ಮತ್ತು ಉಕ್ಕಿನ ಚರೆ

ಹಳೆಯ ಜೋಡಿನಳಿಗೆ ಕೋವಿಗಳು ಸೀಸದ ಚರೆಯನ್ನು ನಂಬಿ ತಯಾರಾದವು. ‘ಹನ್ನೆರಡು ಬೋರ್’ ಎಂಬ ಅಳತೆಯೇ ಒಂದು ಪೌಂಡ್ ಸೀಸದಿಂದ 12 ಸಮಗುಂಡು ಎರೆಯುವ ಲೆಕ್ಕದಿಂದ ಬಂದದ್ದು. ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ.

ಕರ್ನಾಟಕದಲ್ಲಿ ಈ ಕೋವಿಯ ನೆಲೆ ಕೊಡಗು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಹಿಡುವಳಿ ಇರುವವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ರಾಜ್ಯದ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಈಡು. ಮನೆತನದಲ್ಲಿ ಇಳಿದು ಬಂದ ಕೋವಿ ಹೀಗೆ ಇಂದಿಗೂ ಬಳಕೆಯಲ್ಲಿದೆ.

ಉಕ್ಕಿನ ಚರೆಯ ಹುಟ್ಟಿಗೆ ಕಾರಣ ನೀರುಹಕ್ಕಿಗಳು. ಕಾಳು ಅರೆಯಲು ಹರಳು ನುಂಗುವ ಬಾತುಗಳು ಕೆರೆತಳದ ಸೀಸದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತಿದ್ದವು. ನೀರುಹಕ್ಕಿ ಬೇಟೆಗೆ ಸೀಸ ಬಳಸುವುದನ್ನು ಅಮೆರಿಕ 1991ರಲ್ಲಿ ದೇಶಾದ್ಯಂತ ನಿಲ್ಲಿಸಿತು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷೇಧವಿದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನೇ ತಡೆದಿರುವುದರಿಂದ ಸೀಸ ಬಿಡುವ ಒತ್ತಡ ಹುಟ್ಟಲಿಲ್ಲ.

ಹಳೆಯ ಕೋವಿಯಲ್ಲಿ ಉಕ್ಕಿನ ಚರೆ ಬಳಸುವುದರ ತೊಂದರೆ ಇರುವುದು ಲೋಹದ ಗುಣದಲ್ಲಿ. ಸೀಸ ಮೆದು, ನಳಿಗೆಯ ತುದಿ ಕಿರಿದಾಗುವ ‘ಚೋಕ್’ನಲ್ಲಿ ಚರೆಗಳು ಜಜ್ಜಿಕೊಂಡು ದಾರಿ ಮಾಡಿಕೊಳ್ಳುತ್ತವೆ. ಉಕ್ಕಿನ ಚರೆ ನಿಜಕ್ಕೂ ಮೆದು ಕಬ್ಬಿಣವೇ, ಆದರೂ ಸೀಸದಂತೆ ಜಗ್ಗುವುದಿಲ್ಲ. ಬಿಗಿ ಚೋಕ್‌ನ ಬಳಿ ನಳಿಗೆಯೇ ಉಬ್ಬಿ ಬಳೆಯಂತೆ ಏಳಬಹುದು. ಎರಡು ನಳಿಗೆಗಳನ್ನು ಹಿಡಿದಿಟ್ಟ ಬೆಸುಗೆ ಬಿಡಬಹುದು. ಉಕ್ಕಿನ ಸಾಂದ್ರತೆ ಸುಮಾರು 7.8, ಸೀಸದ್ದು 11.3. ಹಗುರ ಚರೆ ಬೇಗ ವೇಗ ಕಳೆದುಕೊಳ್ಳುವುದರಿಂದ ದೊಡ್ಡ ಗಾತ್ರದ ಚರೆ ತುಂಬಿ, ಹೆಚ್ಚು ವೇಗ ಕೊಡುತ್ತಾರೆ. ಚರೆ ನಳಿಗೆಯ ಒಳಮೈ ಗೀರದಂತೆ ದಪ್ಪ ಪ್ಲಾಸ್ಟಿಕ್ ಬಟ್ಟಲೂ ಬೇಕು.

ಹಾಗೆಂದು ಹಳೆಯ ಕೋವಿಗಳೆಲ್ಲ ನಿಷಿದ್ಧವೆಂದು ತೀರ್ಮಾನಿಸುವುದು ಅವಸರ. ಚೋಕ್ ಅರೆಬಿಗಿಗಿಂತ ಸಡಿಲವಿದ್ದು, ನಳಿಗೆ ದಪ್ಪವೂ ಗಟ್ಟಿಯೂ ಆಗಿದ್ದರೆ ಸಾಧಾರಣ ಒತ್ತಡದ ಉಕ್ಕಿನ ತೋಟಾ ನಡೆಯುತ್ತದೆ. ಅಧಿಕ ಒತ್ತಡದ ತೋಟಾಕ್ಕೆ ಯುರೋಪಿನ ಪರೀಕ್ಷಾಗೃಹಗಳು ಲಿಲ್ಲಿ ಹೂವಿನ ಗುರುತು ಒತ್ತಿದ ಕೋವಿಯೇ ಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದ ಡಮಾಸ್ಕಸ್ ನಳಿಗೆಗೆ ಮಾತ್ರ ಉಕ್ಕಿನ ಚರೆ ಬೇಡವೇ ಬೇಡ. ಸೀಸ ಬಿಡಬೇಕೆನ್ನುವವರಿಗೆ ಮೆದುವಾದ ಬಿಸ್ಮತ್ ಚರೆಯಿದೆ, ಬೆಲೆ ಹೆಚ್ಚು.

ಚರೆ ಯಾವುದೇ ಇರಲಿ, ಮೊದಲು ನೋಡಬೇಕಾದ್ದು ತೋಟಾದ ಉದ್ದ. ಹಳೆಯ ಬ್ರಿಟಿಷ್ ಕೋವಿಗಳಲ್ಲಿ ಹಲವಕ್ಕೆ ತೋಟಾ ಕೂರುವ ಚೇಂಬರ್ 65 ಮಿ.ಮೀ. ಇದೆ. 70 ಮಿ.ಮೀ. ತೋಟಾ ಅದರೊಳಗೆ ಕೂರಬಹುದು, ಆದರೆ ಸಿಡಿದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಚೇಂಬರ್ ಅಳತೆ, ಪರೀಕ್ಷಾ ಮುದ್ರೆ ಎರಡೂ ತಿಳಿಯದ ಕೋವಿಯನ್ನು ಅನುಭವಿ ಕೋವಿ ರಿಪೇರಿಯವರಿಗೆ ತೋರಿಸುವವರೆಗೆ ಪೂಜೆಗಷ್ಟೇ ಇಡುವುದು ಸರಿ.