ಇಡಿಗಂಟಿನ ಚಿಕಿತ್ಸೆ

ಮನೆ ಕಟ್ಟಿಸಿದವರಿಗೆ ಈ ಮಾತು ಗೊತ್ತು. ಗಾರೆಯವನಿಗೆ ದಿನಗೂಲಿ ಗೊತ್ತುಮಾಡಿದರೆ ಗೋಡೆ ಬೇಗ ಏಳುವುದಿಲ್ಲ. ಗುತ್ತಿಗೆ ಕೊಟ್ಟರೆ ಬೇಗ ಏಳುತ್ತದೆ, ಆದರೆ ಗಾರೆಯಲ್ಲಿ ಸುಣ್ಣವೆಷ್ಟು, ಮರಳೆಷ್ಟು ಎಂಬುದನ್ನು ನಾವೇ ನಿಂತು ನೋಡಬೇಕು. ಆಸ್ಪತ್ರೆಗೆ ಹಣ ಸಲ್ಲಿಸುವುದರಲ್ಲಿಯೂ ಇದೇ ತೊಡಕುಂಟು. ಅಮೆರಿಕ ದೇಶವು ಈ ತೊಡಕನ್ನು ಬಿಡಿಸಲು ಹೆಣಗಿದ ಕಥೆ, ವಾಚಕರೇ, ನಾವು ತಿಳಿಯತಕ್ಕದ್ದು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಮೆಡಿಕೇರ್ ಶಾಸನಕ್ಕೆ ಅಂಕಿತ ಹಾಕಿದರು. 65 ವರ್ಷ ತುಂಬಿದ ವೃದ್ಧರ ಚಿಕಿತ್ಸೆಯ ಭಾರವನ್ನು ಸರ್ಕಾರ ಹೊತ್ತುಕೊಂಡಿತು. ಆಸ್ಪತ್ರೆಯು ತನಗೆ ಬಿದ್ದ ವೆಚ್ಚವನ್ನು ಬರೆದು ಕಳುಹಿಸಿದರೆ ಸರ್ಕಾರ ತುಂಬಿಕೊಡುತ್ತಿತ್ತು. ರೋಗಿಯನ್ನು ಹೆಚ್ಚು ದಿನ ಮಲಗಿಸಿದವರಿಗೆ ಹೆಚ್ಚು ಹಣ. ಮಿತವ್ಯಯ ಮಾಡಿದವರಿಗೆ ಲಾಭವಿಲ್ಲ. ಇದು ದಿನಗೂಲಿಯ ಕಾಲ. ಖರ್ಚು ವರ್ಷದಿಂದ ವರ್ಷಕ್ಕೆ ಏರಿತು.

1983ರಲ್ಲಿ ಪದ್ಧತಿ ಬದಲಾಯಿತು. ಯೇಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಫೆಟರ್, ಜಾನ್ ಥಾಂಪ್ಸನ್ ಎಂಬ ವಿದ್ವಾಂಸರ ರೋಗವರ್ಗೀಕರಣವನ್ನು ಆಧರಿಸಿ, ಸುಮಾರು 470 ವರ್ಗಗಳಿಗೆ ಮೊದಲೇ ದರ ಕಟ್ಟಿದರು. ರೋಗಿ ನಾಲ್ಕು ದಿನವಿದ್ದರೂ ಎಂಟು ದಿನವಿದ್ದರೂ ಸಾಮಾನ್ಯವಾಗಿ ಅದೇ ದರ. ಹಾಸಿಗೆಯ ದಿನಗಳೇನೋ ಇಳಿದವು. ಆದರೆ ವೈದ್ಯರ ಸಂಭಾವನೆಯ ಲೆಕ್ಕ ಬೇರೆ, ಆಮೇಲಿನ ಶುಶ್ರೂಷಾಲಯದ ಲೆಕ್ಕ ಬೇರೆ. ಒಂದು ಬಾಗಿಲಲ್ಲಿ ತಡೆದ ಖರ್ಚು ಮತ್ತೊಂದು ಬಾಗಿಲಲ್ಲಿ ಕಾಣಿಸಿಕೊಂಡಿತು.

ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರೆ ಹೇಗೆ? ಹೂಸ್ಟನ್ ನಗರದ ಹೃದಯತಜ್ಞ ಡೆಂಟನ್ ಕೂಲಿಯವರ ಸಂಸ್ಥೆ 1984ರಲ್ಲಿ ಈ ಪ್ರಯೋಗಕ್ಕೆ ಕೈಹಾಕಿತು. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ, ವೈದ್ಯ ಎಲ್ಲ ಸೇರಿ 1985ರಲ್ಲಿ ಅವರ ದರ 13,800 ಡಾಲರ್. ಮೆಡಿಕೇರ್ ಆಗ ಸರಾಸರಿ ಕೊಡುತ್ತಿದ್ದುದು 24,588 ಡಾಲರ್. 1991ರಿಂದ 1996ರ ವರೆಗೆ ಸರ್ಕಾರವೂ ಏಳು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ, ಸುಮಾರು ಹತ್ತರಲ್ಲಿ ಒಂದು ಪಾಲು ಉಳಿಸಿತು.

2016ರ ಏಪ್ರಿಲಿನಲ್ಲಿ 67 ನಗರಪ್ರದೇಶಗಳ ಆಸ್ಪತ್ರೆಗಳಿಗೆ, ಸೊಂಟ ಮತ್ತು ಮಂಡಿಯ ಕೀಲು ಬದಲಾವಣೆಯ ಖರ್ಚಿಗೆ, ರೋಗಿ ಮನೆಗೆ ಹೋದ 90 ದಿನಗಳವರೆಗೂ ಹೊಣೆ ಹೊರಿಸಿದರು. ಮೊದಲೆರಡು ವರ್ಷಗಳಲ್ಲಿ ವೆಚ್ಚ ನೂರಕ್ಕೆ ಮೂರರಷ್ಟು ಇಳಿಯಿತು, ತೊಡಕುಗಳು ಹೆಚ್ಚಲಿಲ್ಲ. ಉಳಿತಾಯವಾದುದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಲ್ಲ. ರೋಗಿಯನ್ನು ಶುಶ್ರೂಷಾಲಯಕ್ಕೆ ಬದಲು ನೇರ ಮನೆಗೆ ಕಳುಹಿಸಿದುದರಲ್ಲಿ. ಆಸ್ಪತ್ರೆಗಳಿಗಿತ್ತ ಬಹುಮಾನವನ್ನು ಕಳೆದರೆ ಸರ್ಕಾರಕ್ಕೆ ದಕ್ಕಿದುದು ಇನ್ನೂ ಕಡಮೆ. ಇದೇ ಬಗೆಯ ಗುತ್ತಿಗೆಯನ್ನು ನ್ಯುಮೋನಿಯ, ಹೃದಯದೌರ್ಬಲ್ಯ ಮೊದಲಾದ ಐದು ಕಾಯಿಲೆಗಳಿಗೆ ಒಪ್ಪಿಕೊಂಡಿದ್ದ ಆಸ್ಪತ್ರೆಗಳಲ್ಲಿ ಹೇಳಿಕೊಳ್ಳುವ ಉಳಿತಾಯ ಕಾಣಲಿಲ್ಲವೆಂದು 2018ರ ಒಂದು ಅಧ್ಯಯನ ತಿಳಿಸಿತು.

ಕಾರಣ ಸ್ಪಷ್ಟ. ಮಂಡಿಯ ಶಸ್ತ್ರಚಿಕಿತ್ಸೆಗೆ ಗೋಡೆಯಂತೆ ಆದಿಯುಂಟು, ಅಂತ್ಯವುಂಟು. ಬಡಕಲಾದ ಮುದುಕನ ಉಬ್ಬಸಕ್ಕೆ ಅಂಥ ಎಲ್ಲೆಯಿಲ್ಲ. ಅಲ್ಲಿ ಗುತ್ತಿಗೆ ಹಿಡಿದವನು ಕಷ್ಟದ ರೋಗಿಯನ್ನೇ ದೂರವಿಡುವ ಆಸೆಗೆ ಬೀಳಬಹುದು.

2026ರ ಜನವರಿಯಿಂದ ಅಮೆರಿಕವು ಆಯ್ದ ಆಸ್ಪತ್ರೆಗಳಿಗೆ ಐದು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಈ ಪದ್ಧತಿಯನ್ನು ಕಡ್ಡಾಯ ಮಾಡಿತು. ನಮ್ಮ ಕರ್ನಾಟಕದಲ್ಲಿಯೂ 2003ರ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ರೈತರ ಶಸ್ತ್ರಚಿಕಿತ್ಸೆಗೆ ಮೊದಲೇ ದರ ಗೊತ್ತುಮಾಡಿತ್ತಷ್ಟೆ. ಆದುದರಿಂದ ಈ ಪಾಠ ನಮಗೆ ದೂರದ್ದಲ್ಲ. ಹಣ ಕೊಡುವ ರೀತಿ ಆಸ್ಪತ್ರೆಯ ನಡತೆಯನ್ನು ತಿದ್ದಬಲ್ಲದು. ಆದರೆ ಗಾರೆಯನ್ನು ನಿಂತು ನೋಡುವ ಕಣ್ಣನ್ನು ಯಾವ ಗುತ್ತಿಗೆಯೂ ಕೊಡಲಾರದು.