ಜೆಂಕಿನ್ಸ್ ಸರ್ವರ್: ನಿರ್ವಹಣೆ ಹೇಗೆ? ಕೈಕೊಟ್ಟಾಗ ಏನು ಮಾಡಬೇಕು?

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರು ಯುಪಿಐ ಮೂಲಕ ಹಣ ಕಳುಹಿಸಲಾಗದೆ ಪರದಾಡಿದರು. ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆಯ ಮೇಲೆ ಒತ್ತೆಹಣದ ದಾಳಿ ನಡೆದಿರುವ ಶಂಕೆಯಿಂದ, ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತ್ತು. ಮರುದಿನ ಸಂಪರ್ಕ ಮರಳಿತು. ದಾಳಿಯ ಜಾಡು ಹಿಡಿದ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವರದಿಯ ಪ್ರಕಾರ, ಅದರ ಮೂಲ ಇದ್ದದ್ದು ಇನ್ನೊಂದು ಕಂಪನಿಯಲ್ಲಿ. ಅಲ್ಲಿ ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ಒಂದು ಜೆಂಕಿನ್ಸ್ ಸರ್ವರ್‌ನಲ್ಲಿ.

ಬಹುತೇಕ ಜನರು ಹೆಸರೂ ಕೇಳಿರದ ಈ ತಂತ್ರಾಂಶ ಯಾವುದು? ಅದನ್ನು ಸುಸ್ಥಿತಿಯಲ್ಲಿ ಇರಿಸುವುದು ಹೇಗೆ? ಕೆಟ್ಟು ನಿಂತಾಗ ಎಲ್ಲಿಂದ ಹುಡುಕಾಟ ಆರಂಭಿಸಬೇಕು? ಈ ಕುರಿತ ಮಾಹಿತಿ ಇಲ್ಲಿದೆ.

ಏನಿದು ಜೆಂಕಿನ್ಸ್?

ತಂತ್ರಾಂಶ ಕಂಪನಿಯಲ್ಲಿ ಹತ್ತಾರು ಮಂದಿ ಬರೆದ ಸಂಕೇತವನ್ನು ಒಟ್ಟುಗೂಡಿಸಿ, ಬಳಕೆಗೆ ಯೋಗ್ಯವಾದ ರೂಪಕ್ಕೆ ತಂದು, ಪರೀಕ್ಷಿಸಿ, ಗ್ರಾಹಕರ ಸರ್ವರ್‌ಗೆ ತಲುಪಿಸುವ ಕೆಲಸ ದಿನವೂ ನಡೆಯುತ್ತಿರುತ್ತದೆ. ಇದಕ್ಕೆ 'ಬಿಲ್ಡ್' ಎಂದು ಹೆಸರು. ಮನುಷ್ಯರ ಬದಲು ಈ ಕೆಲಸವನ್ನು ತಾನಾಗಿಯೇ ಮಾಡುವ ಮುಕ್ತ ತಂತ್ರಾಂಶವೇ ಜೆಂಕಿನ್ಸ್.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಕೊಹ್ಸುಕೆ ಕವಾಗುಚಿ 2004ರಲ್ಲಿ 'ಹಡ್ಸನ್' ಎಂಬ ಹೆಸರಿನಲ್ಲಿ ಇದನ್ನು ಬರೆಯಲಾರಂಭಿಸಿದರು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾದ ನಂತರ ಹೆಸರಿನ ಹಕ್ಕಿನ ಕುರಿತು ತಕರಾರು ಎದ್ದಿತು. 2011ರ ಜನವರಿಯಲ್ಲಿ ಬಳಕೆದಾರರ ಸಮುದಾಯವು ಮತದಾನ ನಡೆಸಿ ಯೋಜನೆಗೆ ಜೆಂಕಿನ್ಸ್ ಎಂದು ಮರುನಾಮಕರಣ ಮಾಡಿತು. 2019ರಲ್ಲಿ ಇದು ಲಿನಕ್ಸ್ ಫೌಂಡೇಶನ್ ಆಶ್ರಯದ ಕಂಟಿನ್ಯುಯಸ್ ಡೆಲಿವರಿ ಫೌಂಡೇಶನ್ ಸೇರಿತು.

ಎಲ್ಲವೂ ಒಂದೇ ಕೋಶದಲ್ಲಿ

ಜೆಂಕಿನ್ಸ್‌ಗೆ ಪ್ರತ್ಯೇಕ ದತ್ತಸಂಚಯ ಬೇಕಿಲ್ಲ. ಕೆಲಸಗಳ ವಿವರ, ಹಳೆಯ ಬಿಲ್ಡ್‌ಗಳ ದಾಖಲೆ, ಪ್ಲಗಿನ್‌ಗಳು, ಬಳಕೆದಾರರ ಪಟ್ಟಿ, ರಹಸ್ಯ ಕೀಲಿಗಳು ಎಲ್ಲವೂ 'ಜೆಂಕಿನ್ಸ್ ಹೋಮ್' ಎಂಬ ಒಂದೇ ಕೋಶದಲ್ಲಿ ಸಾಮಾನ್ಯ ಕಡತಗಳಾಗಿ ಇರುತ್ತವೆ. ಲಿನಕ್ಸ್ ಪ್ಯಾಕೇಜ್ ಮೂಲಕ ಸ್ಥಾಪಿಸಿದಾಗ ಇದು ವಾರ್ ಕೋಶದೊಳಗಿನ ಲಿಬ್ ಕೋಶದಲ್ಲಿ ಜೆಂಕಿನ್ಸ್ ಹೆಸರಿನಲ್ಲಿರುತ್ತದೆ. ಈ ಕೋಶ ಸುರಕ್ಷಿತವಾಗಿದ್ದರೆ ಸರ್ವರ್ ಸುಟ್ಟುಹೋದರೂ ಚಿಂತಿಸಬೇಕಿಲ್ಲ. ಇದು ಹಾಳಾದರೆ ವರ್ಷಗಳ ಶ್ರಮ ಮಣ್ಣುಪಾಲು.

ಆದ್ದರಿಂದ ಈ ಕೋಶದ ಪ್ರತಿಯನ್ನು ನಿಯಮಿತವಾಗಿ ಬೇರೆ ಯಂತ್ರದಲ್ಲಿ ಇರಿಸಬೇಕು. ಆದರೆ 'ಮಾಸ್ಟರ್ ಕೀ' ಎಂಬ ಕಡತವನ್ನು ಅದರ ಜೊತೆಗೇ ಇಡಬಾರದು. ಜೆಂಕಿನ್ಸ್‌ನಲ್ಲಿ ಉಳಿಸಿದ ಗುಪ್ತಪದಗಳನ್ನು ಬಿಡಿಸುವ ಕೀಲಿ ಅದೇ ಆಗಿರುವುದರಿಂದ, ಪ್ರತಿ ಕಳವಾದರೆ ಬೀಗದ ಜೊತೆ ಕೀಲಿಕೈಯನ್ನೂ ಕೊಟ್ಟಂತಾಗುತ್ತದೆ. ಅದನ್ನು ಪ್ರತ್ಯೇಕವಾಗಿ ಜೋಪಾನ ಮಾಡಬೇಕು. ಅದು ಕಳೆದುಹೋದರೆ ಉಳಿಸಿದ ಗುಪ್ತಪದಗಳು ಮರಳಿ ಸಿಗುವುದಿಲ್ಲ.

ಇಷ್ಟು ಮಾಡಿದರೆ ಸಾಲದು. ಪ್ರತಿಯನ್ನು ಆಗಾಗ ಬೇರೊಂದು ಯಂತ್ರದಲ್ಲಿ ಹೂಡಿ, ಜೆಂಕಿನ್ಸ್ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಹೊರಗಿನ ಸಂಪರ್ಕವಿಲ್ಲದ ಯಂತ್ರವಾದರೆ ಒಳಿತು. ಇಲ್ಲದಿದ್ದರೆ ನಿಗದಿತ ಬಿಲ್ಡ್‌ಗಳು ಅಲ್ಲಿಂದಲೂ ಚಾಲನೆಗೊಂಡು ಗೊಂದಲ ಉಂಟಾದೀತು.

ಸಾಮಾನ್ಯ ತೊಂದರೆಗಳು, ಪರಿಹಾರಗಳು

ಬಿಲ್ಡ್‌ಗಳು ಸರತಿಯಲ್ಲೇ ನಿಂತಿವೆಯೇ? ಮೊದಲು ಡಿಸ್ಕ್ ನೋಡಿ. ಯಾವುದೇ ಯಂತ್ರದಲ್ಲಿ ಖಾಲಿ ಜಾಗ ನಿಗದಿತ ಮಿತಿಗಿಂತ (ಸಾಮಾನ್ಯವಾಗಿ 1 ಜಿಬಿ) ಕಡಿಮೆಯಾದರೆ ಜೆಂಕಿನ್ಸ್ ಆ ಯಂತ್ರವನ್ನು ತಾನಾಗಿಯೇ ಸೇವೆಯಿಂದ ಹೊರಗಿಡುತ್ತದೆ. ಸಾಮಾನ್ಯವಾಗಿ ಜಾಗ ನುಂಗಿರುವುದು ಹಳೆಯ ಬಿಲ್ಡ್‌ಗಳ ದಾಖಲೆ. ಎಷ್ಟು ಬಿಲ್ಡ್‌ಗಳನ್ನು, ಎಷ್ಟು ದಿನ ಉಳಿಸಬೇಕೆಂದು ಪ್ರತಿಯೊಂದು ಕೆಲಸದಲ್ಲೂ ಮಿತಿ ನಿಗದಿಪಡಿಸುವುದು ಶಾಶ್ವತ ಪರಿಹಾರ. ಜಾಗ ಇದ್ದೂ ಕಡತ ಬರೆಯಲಾಗುತ್ತಿಲ್ಲ ಎಂಬ ದೋಷ ಬಂದರೆ, ಐನೋಡ್‌ಗಳು ಮುಗಿದಿವೆಯೇ ಎಂದು ಪರಿಶೀಲಿಸಬೇಕು. ಸಣ್ಣ ಕಡತಗಳು ಲಕ್ಷಗಟ್ಟಲೆ ಸೇರಿದಾಗ ಹೀಗಾಗುತ್ತದೆ.

ಸರ್ವರ್ ಏಳುತ್ತಿಲ್ಲವೇ? ಊಹೆ ಮಾಡುವ ಮೊದಲು ದಾಖಲೆ ಓದಬೇಕು. ಲಿನಕ್ಸ್‌ನಲ್ಲಿ ಜರ್ನಲ್ ದಾಖಲೆಯಲ್ಲಿ ಕಾರಣ ಸಿಗುತ್ತದೆ. ಜಾವಾ ಆವೃತ್ತಿ ಹಳೆಯದಾಗಿರುವುದು, 8080 ಸಂಖ್ಯೆಯ ಪೋರ್ಟ್ ಬೇರೆ ತಂತ್ರಾಂಶದ ವಶದಲ್ಲಿರುವುದು, ಕಡತಗಳ ಒಡೆತನ ಬದಲಾಗಿರುವುದು ಪದೇ ಪದೇ ಕಾಣುವ ಕಾರಣಗಳು. ಕೆಲಸಗಳ ಸಂಖ್ಯೆ ಹೆಚ್ಚಿದ್ದರೆ ಜೆಂಕಿನ್ಸ್ ಏಳಲು ಹೆಚ್ಚು ಹೊತ್ತು ಬೇಕು. ಸಿಸ್ಟಮ್‌ಡಿ ಅಷ್ಟು ಕಾಯದೆ ನಡುವೆಯೇ ನಿಲ್ಲಿಸಿಬಿಟ್ಟರೆ ಆರಂಭದ ಕಾಲಮಿತಿಯನ್ನು ಹೆಚ್ಚಿಸಬೇಕು.

ಹೊಂದಾಣಿಕೆ ಬದಲಿಸಿದರೂ ಫಲವಿಲ್ಲವೇ? 2022ರ ಮಾರ್ಚ್‌ನಲ್ಲಿ ಬಂದ 2.332.1 ಆವೃತ್ತಿಯಿಂದ ಲಿನಕ್ಸ್ ಪ್ಯಾಕೇಜ್‌ಗಳು ಸಿಸ್ಟಮ್‌ಡಿ ವ್ಯವಸ್ಥೆಗೆ ಬದಲಾಗಿವೆ. ಪೋರ್ಟ್, ಸ್ಮೃತಿ ಮುಂತಾದವನ್ನು ಹಳೆಯ ಕಡತದಲ್ಲಿ ತಿದ್ದಿದರೆ ಪ್ರಯೋಜನವಾಗದು. ಸಿಸ್ಟಮ್‌ಡಿಯ ಪೂರಕ ಕಡತದಲ್ಲಿ ತಿದ್ದಬೇಕು.

ನಿಧಾನಗತಿಯೇ? ಜಾವಾ ತನ್ನ ಪಾಲಿನ ಸ್ಮೃತಿಗೆ ಸಾಮಾನ್ಯವಾಗಿ ಯಂತ್ರದ ನಾಲ್ಕನೇ ಒಂದು ಭಾಗವನ್ನು ಮಿತಿಯಾಗಿ ಇಟ್ಟುಕೊಳ್ಳುತ್ತದೆ. 'ಔಟ್ ಆಫ್ ಮೆಮೊರಿ' ಎಂಬ ದೋಷ ದಾಖಲೆಯಲ್ಲಿ ಕಂಡರೆ ಈ ಮಿತಿಯನ್ನು ಏರಿಸಬಹುದು. ಆದರೆ ಮುಖ್ಯ ಸರ್ವರ್‌ನಲ್ಲೇ ಬಿಲ್ಡ್‌ಗಳನ್ನೂ ನಡೆಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಅಲ್ಲಿನ ಎಕ್ಸಿಕ್ಯೂಟರ್‌ಗಳ ಸಂಖ್ಯೆಯನ್ನು 0 ಮಾಡಿ, ಬಿಲ್ಡ್‌ಗಳನ್ನು ಪ್ರತ್ಯೇಕ ಏಜೆಂಟ್ ಯಂತ್ರಗಳಿಗೆ ವಹಿಸಬೇಕು. ಭದ್ರತೆಯ ದೃಷ್ಟಿಯಿಂದಲೂ ಇದೇ ಸರಿ, ಏಕೆಂದರೆ ಮುಖ್ಯ ಸರ್ವರ್‌ನಲ್ಲಿ ಓಡುವ ಬಿಲ್ಡ್ ಜೆಂಕಿನ್ಸ್ ಹೋಮ್‌ನ ರಹಸ್ಯ ಕಡತಗಳನ್ನೂ ಓದಬಲ್ಲದು.

ಹೊಸ ಆವೃತ್ತಿ ಇಳಿಯುತ್ತಿಲ್ಲವೇ? ಪ್ಯಾಕೇಜ್‌ಗಳ ಸಾಚಾತನ ದೃಢೀಕರಿಸುವ ಸಹಿ ಕೀಲಿಯನ್ನು ಯೋಜನೆಯು ಕಾಲಕಾಲಕ್ಕೆ ಬದಲಿಸುತ್ತದೆ. 2023ರ ಮಾರ್ಚ್‌ನಲ್ಲಿ ಹೀಗೆ ಬದಲಾದಾಗ, ಹಳೆಯ ಕೀಲಿ ಇದ್ದ ಯಂತ್ರಗಳಲ್ಲಿ ನವೀಕರಣ ನಿಂತುಹೋಯಿತು. ಜೆಂಕಿನ್ಸ್‌ನ ಅಧಿಕೃತ ತಾಣದಿಂದ ಹೊಸ ಕೀಲಿ ಪಡೆಯುವುದೇ ಪರಿಹಾರ. ಪರಿಶೀಲನೆಯನ್ನೇ ಸ್ಥಗಿತಗೊಳಿಸುವ ಅಡ್ಡದಾರಿ ಹಿಡಿಯಬಾರದು.

ನಿರ್ವಾಹಕರೇ ಹೊರಗುಳಿದರೇ? ಸರ್ವರ್ ನಿಲ್ಲಿಸಿ, ಹೋಮ್ ಕೋಶದ ಮುಖ್ಯ ಸಂರಚನಾ ಕಡತದಲ್ಲಿ 'ಯೂಸ್ ಸೆಕ್ಯುರಿಟಿ' ಎಂಬ ಮೌಲ್ಯವನ್ನು 'ಫಾಲ್ಸ್' ಎಂದು ಬದಲಿಸಿದರೆ ಗುಪ್ತಪದವಿಲ್ಲದೆ ಪ್ರವೇಶ ಸಿಗುತ್ತದೆ. ಆದರೆ ಆ ಅವಧಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂಬುದನ್ನು ಮರೆಯಬಾರದು. ಮೊದಲು ಯಂತ್ರದ ಜಾಲಸಂಪರ್ಕವನ್ನು ನಿರ್ಬಂಧಿಸಿ, ಕೆಲಸ ಮುಗಿದ ತಕ್ಷಣ ಭದ್ರತೆಯನ್ನು ಮರಳಿ ಹೊಂದಿಸಬೇಕು.

ನವೀಕರಣದ ಶಿಸ್ತು

ಜೆಂಕಿನ್ಸ್‌ನಲ್ಲಿ ವಾರಕ್ಕೊಮ್ಮೆ ಬರುವ ಆವೃತ್ತಿ ಹಾಗೂ ದೀರ್ಘಾವಧಿ ಬೆಂಬಲದ ಆವೃತ್ತಿ ಎಂಬ ಎರಡು ಬಗೆಗಳಿವೆ. ಎರಡನೆಯದಕ್ಕೆ 12 ವಾರಗಳಿಗೊಮ್ಮೆ ಹೊಸ ತಳಹದಿಯನ್ನು ಆರಿಸಲಾಗುತ್ತದೆ. ಕಚೇರಿ ಬಳಕೆಗೆ ಇದೇ ಸೂಕ್ತ. ನವೀಕರಣಕ್ಕೆ ಮುನ್ನ ಅಗತ್ಯವಿರುವ ಜಾವಾ ಆವೃತ್ತಿಯನ್ನು ನೋಡಿಕೊಳ್ಳಬೇಕು. 2022ರ ಸೆಪ್ಟೆಂಬರ್‌ನ 2.361.1 ಆವೃತ್ತಿಯು ಜಾವಾ 8ರ ಬೆಂಬಲ ಕೈಬಿಟ್ಟಿತು. 2024ರ ಅಕ್ಟೋಬರ್‌ನ 2.479.1 ಆವೃತ್ತಿಯು ಜಾವಾ 11ಕ್ಕೂ ವಿದಾಯ ಹೇಳಿತು.

ಹೆಚ್ಚಿನ ತೊಂದರೆ ಬರುವುದು ಪ್ಲಗಿನ್‌ಗಳಿಂದ. ಒಂದು ಪ್ಲಗಿನ್ ಮತ್ತೊಂದನ್ನು ನೆಚ್ಚಿರುವುದರಿಂದ ಒಂದನ್ನು ಬದಲಿಸಿದರೆ ಹಲವು ಕುಸಿಯಬಹುದು. ಬಳಸದ ಪ್ಲಗಿನ್‌ಗಳನ್ನು ತೆಗೆದುಹಾಕುವುದು, ನವೀಕರಣವನ್ನು ಮೊದಲು ಪ್ರಾಯೋಗಿಕ ಸರ್ವರ್‌ನಲ್ಲಿ ನಡೆಸುವುದು ಜಾಣತನ. ಪ್ಲಗಿನ್ ಕಾರಣದಿಂದ ಸರ್ವರ್ ಏಳದಿದ್ದರೆ, ಆ ಪ್ಲಗಿನ್ ಕಡತದ ಪೂರ್ಣ ಹೆಸರಿನ ಕೊನೆಗೆ 'ಡಾಟ್ ಡಿಸೇಬಲ್ಡ್' ಸೇರಿಸಿದ ಖಾಲಿ ಕಡತವೊಂದನ್ನು ಪಕ್ಕದಲ್ಲಿ ಸೃಷ್ಟಿಸಿದರೆ ಅದು ನಿಷ್ಕ್ರಿಯವಾಗುತ್ತದೆ. ಮರುಚಾಲನೆಗೆ 'ಸೇಫ್ ರೀಸ್ಟಾರ್ಟ್' ಬಳಸಿದರೆ, ನಡೆಯುತ್ತಿರುವ ಬಿಲ್ಡ್‌ಗಳು ಅರ್ಧಕ್ಕೆ ಕಡಿಯುವುದು ತಪ್ಪುತ್ತದೆ.

ಅಲಕ್ಷ್ಯದ ಬೆಲೆ

2024ರ ಜನವರಿ 24ರಂದು ಜೆಂಕಿನ್ಸ್ ಯೋಜನೆಯು ಗಂಭೀರ ಲೋಪವೊಂದನ್ನು ಪ್ರಕಟಿಸಿತು. ಆದೇಶ ಸಾಲಿನ ಸೌಲಭ್ಯದಲ್ಲಿ '@' ಚಿಹ್ನೆಯ ಮುಂದೆ ಕಡತದ ಹೆಸರು ಬರೆದರೆ, ಆ ಕಡತದ ಒಳವಿಷಯವೇ ಹೊರಬೀಳುತ್ತಿತ್ತು. ಪ್ರವೇಶಾಧಿಕಾರ ಇಲ್ಲದವರಿಗೂ ಮೊದಲ ಕೆಲವು ಸಾಲುಗಳು ದಕ್ಕುತ್ತಿದ್ದವು. ಪರಿಹಾರವೂ ಅಂದೇ 2.442 ಹಾಗೂ 2.426.3 ಆವೃತ್ತಿಗಳಲ್ಲಿ ಲಭ್ಯವಾಯಿತು. ಬ್ಯಾಂಕುಗಳ ಪ್ರಕರಣದಲ್ಲಿ ದಾಳಿಕೋರರು ಬಳಸಿದ್ದು ಇದೇ ಲೋಪವನ್ನು ಎಂದು ಕ್ಲೌಡ್‌ಸೆಕ್ ಗುರುತಿಸಿತು. ಅಂದರೆ ಮದ್ದು ಸಿಕ್ಕಿ ಆರು ತಿಂಗಳಾದ ಮೇಲೂ ರೋಗ ಉಳಿದಿತ್ತು!

ಆದ್ದರಿಂದ ಜೆಂಕಿನ್ಸ್ ಸರ್ವರ್ ಅನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡಬಾರದು. ಅನಾಮಧೇಯ ಪ್ರವೇಶಕ್ಕೆ ಅವಕಾಶ ಇರಬಾರದು. ಯೋಜನೆಯ ಭದ್ರತಾ ಪ್ರಕಟಣೆಗಳನ್ನು ಓದುವ ಹೊಣೆಯನ್ನು ತಂಡದ ಒಬ್ಬರಿಗೆ ಹೆಸರಿಸಿ ವಹಿಸಬೇಕು. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಬಿಲ್ಡ್ ಸರ್ವರ್ ಕಚೇರಿಯ ಮೂಲೆಯಲ್ಲಿ ಸದ್ದಿಲ್ಲದೆ ದುಡಿಯುವ ಯಂತ್ರ ನಿಜ. ಆದರೆ ಅದು ಎಡವಿದರೆ, ದೂರದ ಹಳ್ಳಿಯ ಸಹಕಾರಿ ಬ್ಯಾಂಕಿನ ಗ್ರಾಹಕನ ವ್ಯವಹಾರವೂ ನಿಲ್ಲಬಹುದು.